ಆತ್ಯಾ ಕೂಡುತ್ತಿದ್ದ ಕಾರು

ನಮ್ಮ ಮನೆಯಲ್ಲಿ ಒಬ್ಬರೇ ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳಬಹುದಾದ ಜಾಗಗಳು ಎರಡೇ ಇದ್ದವು. ಒಂದು ಬಚ್ಚಲು, ಇನ್ನೊಂದು ಕಾರು. ಬಚ್ಚಲಿನಲ್ಲಿ ಸ್ವಲ್ಪ ಹೆಚ್ಚು ಹೊತ್ತಾದರೆ ಹೊರಗಿನಿಂದ ಯಾರಾದರೂ ಕದ ಬಡಿಯುತ್ತಿದ್ದರು. ಕಾರಿನ ಕದವನ್ನು ಮಾತ್ರ ಯಾರೂ ಬಡಿಯುತ್ತಿರಲಿಲ್ಲ. ಆ ಕಾರು ಎಲ್ಲಿಗೂ ಹೋಗುತ್ತಿರಲಿಲ್ಲವಾದ್ದರಿಂದ ಅದರ ನೆನಪು ಯಾರಿಗೂ ಆಗುತ್ತಿರಲಿಲ್ಲ.

ಸಾಂಗಲಿಯ ಅರಿಷಿಣ ಪೇಟೆಯ ಹಿಂದಿನ ಓಣಿ ನಮ್ಮದು. ಅಪ್ಪ ಮತ್ತು ಕಾಕಾ ಕೂಡಿ ದಲಾಲಿ ಅಂಗಡಿ ನಡೆಸುತ್ತಿದ್ದರು. ಹೊರಗೆ ಮರಾಠಿ, ಒಳಗೆ ಕನ್ನಡ, ಸಿಟ್ಟು ಬಂದಾಗ ಎರಡೂ. ಮಾಲಿನ ಹರಾಜಿನ ಸವಾಲಿನ ಹೊತ್ತಿನಲ್ಲಿ ಟವೆಲ್ಲಿನ ಕೆಳಗೆ ಕೈ ಹಿಡಿದು, ಬೆರಳು ಒತ್ತಿ ದರ ಹೇಳುವುದು ಆಗಿನ ಪೇಟೆಯ ರೂಢಿ. ಅಪ್ಪ ಅದರಲ್ಲಿ ಎಷ್ಟು ಪಳಗಿದ್ದರೆಂದರೆ, ಮನೆಯಲ್ಲಿಯೂ ಮನಸ್ಸಿನಲ್ಲಿದ್ದದ್ದನ್ನು ಬಾಯಿಬಿಟ್ಟು ಹೇಳುತ್ತಿರಲಿಲ್ಲ. ನಾವೇ ಊಹೆ ಮಾಡಿಕೊಳ್ಳಬೇಕಾಗಿತ್ತು.

ಆ ಕಾಲಕ್ಕೆ ನಮ್ಮ ಕಡೆ ಸೊಸಾಯಟಿ ಇಲ್ಲದೆ ಹುಲ್ಲುಕಡ್ಡಿಯೂ ಅಲುಗುತ್ತಿರಲಿಲ್ಲ. ಸಕ್ಕರೆಗೆ ಸೊಸಾಯಟಿ, ಹಾಲಿಗೆ ಸೊಸಾಯಟಿ, ನೂಲಿಗೆ ಸೊಸಾಯಟಿ. ಪ್ರತಿಯೊಂದಕ್ಕೂ ಒಬ್ಬ ಚೇರಮನ್, ಪ್ರತಿ ಚೇರಮನ್ನನ ಅಡಿಯಲ್ಲಿ ಒಂದು ಜೀಪು. ಅಪ್ಪನಿಗೂ ಒಮ್ಮೆ ಆ ಹುಚ್ಚು ಹತ್ತಿತು. ವ್ಯಾಪಾರಿಗಳ ಸೊಸಾಯಟಿಯ ಚುನಾವಣೆಗೆ ನಿಂತರು. ಸೈಕಲ್ಲಿನ ಮೇಲೆ ಹೋಗಿ ಮತ ಕೇಳಿದರೆ ಯಾರು ಕೊಡುತ್ತಾರೆ ಎಂದು ಮಿರಜಿನ ಒಬ್ಬ ವಕೀಲರು ಬಳಸಿ ಬಿಟ್ಟಿದ್ದ ಬೂದಿಬಣ್ಣದ ಕಾರನ್ನು ಕೊಂಡು ತಂದರು. ಸ್ಟೇರಿಂಗಿನ ಪಕ್ಕದಲ್ಲೇ ಗೇರು, ಮುಂದೆಯೂ ಹಿಂದೆಯೂ ಸೋಫಾದಂಥ ಅಖಂಡ ಸೀಟು. ಅದರಲ್ಲಿ ಓಣಿ ಓಣಿ ತಿರುಗಿದರು, ಸೋತರು. ಎಣಿಕೆ ಮುಗಿದ ಸಂಜೆ ಕಾರನ್ನು ಹಿತ್ತಿಲ ತಗಡಿನ ಶೆಡ್ಡಿನಲ್ಲಿ ನಿಲ್ಲಿಸಿ, ನಡೆದುಕೊಂಡೇ ಅಂಗಡಿಗೆ ಹೋದರು. ಸೋತವನು ಕಾರಿನಲ್ಲಿ ಕೂತರೆ ಪೇಟೆ ನಗುತ್ತದೆ ಎನ್ನುವುದು ಅವರ ಲೆಕ್ಕ. ಆಮೇಲೆ ಎರಡು ಮಳೆಗಾಲ ಆ ಕಾರು ಅಲ್ಲೇ ನಿಂತಿತು. ಊರ ಪಕ್ಕದ ಹೊಳೆಯ ತಂಪು ನಮ್ಮ ಹಿತ್ತಿಲಿನ ಗೋಡೆಗಳನ್ನು ಬಿಡುತ್ತಿರಲಿಲ್ಲ, ಕಾರನ್ನು ಬಿಟ್ಟೀತೇ?

ಅದು ಯಾರಿಗೂ ಬೇಡವಾದ ಮೇಲೆ ಆತ್ಯಾ ಅದರೊಳಗೆ ಕೂಡತೊಡಗಿದರು.

ಆತ್ಯಾ ಎಂದರೆ ಅಪ್ಪನ ಅಕ್ಕ. ಜಮಖಂಡಿ ಕಡೆಗೆ ಕೊಟ್ಟಿದ್ದರಂತೆ. ಗಂಡ ತೀರಿಕೊಂಡ ಮೇಲೆ ತವರಿಗೆ ಬಂದವರು ಇಲ್ಲೇ ಉಳಿದರು. ಇಷ್ಟು ದೊಡ್ಡ ಮನೆಯ ರೊಟ್ಟಿ ಅವರ ಕೈಯಲ್ಲಿತ್ತು. ತಲೆಯ ಮೇಲಿನ ಸೆರಗು ಸರಿದದ್ದನ್ನು ನಾನು ಕಂಡಿರಲಿಲ್ಲ. ಯಾರು ಏನಂದರೂ ಅವರ ಉತ್ತರ ಒಂದೇ, "ಹೂಂ, ಆತು ತಗೋ." ಅವ್ವ ಎಣ್ಣೆ ಹೆಚ್ಚಾಯಿತು ಅಂದರೂ ಹೂಂ, ಕಾಕಾ ರೊಟ್ಟಿ ದಪ್ಪವಾಯಿತು ಅಂದರೂ ಹೂಂ. ಮಧ್ಯಾಹ್ನ ಎಲ್ಲರ ಊಟವಾಗಿ, ತಮ್ಮದೂ ಆಗಿ, ಪಾತ್ರೆ ತೊಳೆದಾದ ಮೇಲೆ ಒಂದು ತಂಬಿಗೆ ನೀರು ಹಿಡಿದುಕೊಂಡು ಶೆಡ್ಡಿಗೆ ಹೋಗುತ್ತಿದ್ದರು. ಕಾರಿನ ಹಿಂದಿನ ಸೀಟಿನಲ್ಲಿ ಕೂತು ಕದ ಎಳೆದುಕೊಂಡು ಗಾಜು ಏರಿಸಿಕೊಳ್ಳುತ್ತಿದ್ದರು. ದೂರದಿಂದ ನೋಡಿದರೆ ತುಟಿ ಅಲುಗುವುದು ಮಾತ್ರ ಕಾಣುತ್ತಿತ್ತು. ಹಣೆಯ ಮೇಲೆ ವಿಭೂತಿ ಬೇರೆ. ಮನೆಯವರೆಲ್ಲ ಅವರು ಶಿವನಾಮ ಮಾಡುತ್ತಾರೆ ಎಂದೇ ತಿಳಿದಿದ್ದರು. "ಅಕ್ಕಾ ಜಪಕ್ಕ ಕುಂತಾಳ, ಗದ್ದಲ ಮಾಡಬ್ಯಾಡ್ರಿ" ಎಂದು ಅಪ್ಪ ಹುಡುಗರನ್ನು ಗದರಿಸುತ್ತಿದ್ದರು.

ಅದು ಜಪವಲ್ಲ ಎಂದು ಗೊತ್ತಾದದ್ದು ನನಗೊಬ್ಬಳಿಗೆ. ಒಂದು ಬೇಸಿಗೆಯ ಮಧ್ಯಾಹ್ನ ಸೈಕಲ್ಲಿನ ಪಂಪು ಹುಡುಕುತ್ತ ಶೆಡ್ಡಿಗೆ ಹೋಗಿದ್ದೆ. ಸೆಖೆಗೆ ಅವರು ಗಾಜನ್ನು ಒಂದಿಷ್ಟು ಇಳಿಸಿದ್ದರು. ಒಳಗಿನಿಂದ ಧ್ವನಿ ಕೇಳಿತು. ಅದು ಆತ್ಯಾನ ಧ್ವನಿ ಎಂದು ನಂಬಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು.

"ಎಣ್ಣಿ ಹೆಚ್ಚಾತೇನ ನಿನಗ? ನಿಮ್ಮ ಅಪ್ಪನ ಮನ್ಯಾಗ ಎಣ್ಣಿ ಕಂಡಿದ್ದೇನ ನೀ? ಬಾ, ನಾಳಿಂದ ನೀನ ಬಡಿ ರೊಟ್ಟಿ! ಏ ತಮ್ಮಾ, ಇಲೆಕ್ಸನ್ ಸೋತಿ ಅಂತ ಮಾರಿ ಗಂಟ ಹಾಕೊಂಡ ಕುಂತೀ ಅಲಾ, ನಿನ್ನ ಮಾರಿಗೆ ಅಂಜಿನ ಮಂದಿ ಓಟ ಹಾಕಲಿಲ್ಲ, ತಿಳೀತೇನ? ಇನ್ನ ನಿನ್ನ ಮಗಳು! ಕನ್ನಡಿ ಮುಂದ ನಿಂತ್ರ ಹೊತ್ತ ಮುಣಗತೈತಿ. ಒಂದ ದಿನಾ ತನ್ನ ತಾಟ ತಾ ಎತ್ತಿಟ್ಟಾಳೇನ?"

ನಾನು ಪೇರಿಸಿದ್ದ ಗೋಣಿಚೀಲಗಳ ಹಿಂದೆ ಉಸಿರು ಬಿಗಿಹಿಡಿದು ನಿಂತೆ. ಅವರ ಸೆರಗು ಹೆಗಲ ಮೇಲೆ ಬಿದ್ದಿತ್ತು. ಕೈ ತಿರುವಿ ತಿರುವಿ ಬೈಯುತ್ತಿದ್ದರು. ಎಲ್ಲರ ಸರದಿ ಮುಗಿದ ಮೇಲೆ ಒಂದು ಗುಟುಕು ನೀರು ಕುಡಿದರು, ಕೂದಲು ಸವರಿಕೊಂಡರು, ಸೆರಗು ಹೊದ್ದರು, ಕದ ತೆರೆದು ಇಳಿದರು. ಅಡುಗೆಮನೆಯ ಬಾಗಿಲಿಗೆ ಹೋಗಿ ಎಂದಿನ ದನಿಯಲ್ಲಿ, "ಚಾ ಇಡ್ಲೇನವಾ ಎಲ್ಲಾರಿಗೂ?" ಎಂದರು.

ನನಗೆ ನಗು ತಡೆಯಲಾಗಲಿಲ್ಲ. ಆದರೆ ಯಾರ ಮುಂದೆಯೂ ಹೇಳಲಿಲ್ಲ. ಅವತ್ತಿನಿಂದ ನನ್ನ ತಾಟು ನಾನೇ ಎತ್ತಿಡತೊಡಗಿದೆ. ನಮ್ಮ ಮನೆಯಲ್ಲಿ ಅತ್ತಿಗೆ ನಾದಿನಿಯರ ಜಗಳವಿಲ್ಲ ಎಂದು ಓಣಿಯವರು ಹೊಗಳಿದಾಗಲೆಲ್ಲ ನನಗೆ ಶೆಡ್ಡಿನ ಕಡೆ ಕಣ್ಣು ಹೋಗುತ್ತಿತ್ತು. ಆ ಹೊಗಳಿಕೆ ಸಲ್ಲಬೇಕಾದದ್ದು ಆ ಕಾರಿಗೆ.

ಇಷ್ಟೆಲ್ಲ ಗೊತ್ತಿದ್ದ ನಾನೇ ಅದನ್ನು ಓಡಿಸೋಣ ಎಂದು ಅಪ್ಪನ ಬೆನ್ನು ಹತ್ತಿದೆ.

ಆಗ ನಾನು ವಿಶ್ರಾಮಬಾಗದ ಕಾಲೇಜಿಗೆ ಹೋಗುತ್ತಿದ್ದೆ. ಬಸ್ಸಿನಲ್ಲಿ ಒಬ್ಬರ ಕಂಕುಳಲ್ಲಿ ಒಬ್ಬರು ತೂರಿಕೊಂಡು ಹೋಗಿ ಇಳಿಯುವ ಹೊತ್ತಿಗೆ ಇಸ್ತ್ರಿ ಮಾಡಿದ ಸೀರೆ ಒಗೆದು ಹಿಂಡಿದ ಬಟ್ಟೆಯಂತಾಗುತ್ತಿತ್ತು. ಕಾಲೇಜಿನ ಗೇಟಿನ ಮುಂದೆ ನಾನೇ ಕಾರು ನಡೆಸಿಕೊಂಡು ಬಂದು ಇಳಿಯಬೇಕು, ಹುಡುಗರು ಬಾಯಿಬಿಟ್ಟುಕೊಂಡು ನೋಡಬೇಕು. ನನ್ನ ಹುಚ್ಚು ಅಷ್ಟೇ. ಅಪ್ಪನಿಗಿಂತ ನಾನೇನು ಕಡಿಮೆಯಿರಲಿಲ್ಲ. ದಸರೆ ಹತ್ತಿರ ಬಂದಿತ್ತು. ಖಂಡೆ ಪೂಜೆಯ ದಿನ ತಕ್ಕಡಿ, ತೂಕದ ಕಲ್ಲು, ಸೈಕಲ್ಲು ಎಲ್ಲವನ್ನೂ ತೊಳೆದು ವಿಭೂತಿ ಹಚ್ಚುವುದು ವಾಡಿಕೆ. ಹಿಂದಿನ ವರ್ಷ ಅಪ್ಪ, "ನಡೀಲಾರದ ಗಾಡಿಗೆ ಎಂಥಾ ಪೂಜಿ" ಎಂದು ಕಾರನ್ನು ಬಿಟ್ಟಿದ್ದರು. ಈ ಸಲ ಆ ಮಾತನ್ನೇ ಹಿಡಿದುಕೊಂಡೆ. "ನಡಸೂಣಲ್ಲರಿ ಅಪ್ಪಾ. ದೇವರಿಗೆ ಸಿಟ್ಟ ಬರೂದಿಲ್ಲೇನ?" ದೇವರ ಹೆಸರನ್ನೂ ಎಳೆದು ತಂದೆ, ನಾಚಿಕೆಯಿಲ್ಲದೆ. ಚುನಾವಣೆಯ ಮಾತು ಪೇಟೆಯಲ್ಲಿ ಹಳೆಯದಾಗಿತ್ತು, ಅಪ್ಪ ಒಪ್ಪಿಕೊಂಡರು.

ಮೆಕ್ಯಾನಿಕ್ಕನನ್ನು ಕರೆಸುವ ಮಾತೇ ಇರಲಿಲ್ಲ. ಕಾರು ನಿಂತಲ್ಲೇ ತುಕ್ಕು ಹಿಡಿದದ್ದು ಪೇಟೆಗೆ ಗೊತ್ತಾದರೆ ಸೋಲು ಎರಡನೇ ಸಲ ಆದಂತೆ. ಆದ್ದರಿಂದ ಅಪ್ಪ ಮತ್ತು ನಾನು ಶೆಡ್ಡಿನ ಬಾಗಿಲು ಮುಂದೆ ಮಾಡಿಕೊಂಡು ಕಳ್ಳರಂತೆ ಕೆಲಸ ಶುರು ಮಾಡಿದೆವು. ಬ್ಯಾಟರಿಯನ್ನು ಚೀಲದಲ್ಲಿ ಸುತ್ತಿ ಒಯ್ದು ಚಾರ್ಜ್ ಮಾಡಿಸಿ ತಂದೆವು. ಪ್ಲಗ್ಗುಗಳನ್ನು ಉಜ್ಜಿ ಹಾಕಿದೆವು. ಎಂಜಿನ್ನು ಕೆಮ್ಮಿ, ಹೊಗೆ ಉಗುಳಿ ಎದ್ದಿತು. ಆದರೆ ಗೇರು ಬೀಳಲೊಲ್ಲದು. ಕ್ಲಚ್ಚು ತುಳಿದು ಗೇರು ಎಳೆದರೆ ಕರ್ ಎಂದು ಹಲ್ಲು ಕಡಿಯುತ್ತಿತ್ತು. ಗೇರಿನಲ್ಲಿಟ್ಟೇ ಶುರು ಮಾಡಿದರೆ, ಕ್ಲಚ್ಚು ತುಳಿದಿದ್ದರೂ ಮುಂದಕ್ಕೆ ಜಿಗಿಯುತ್ತಿತ್ತು.

ಲಿಂಗನೂರಿನಿಂದ ಮಾಲು ತರುವ ಟ್ರಕ್ಕಿನ ಡ್ರೈವರನನ್ನು ಅಪ್ಪ ಉಪಾಯವಾಗಿ ಕೇಳಿದರು, ಯಾರೋ ಗೆಳೆಯರ ಕಾರು ಹೀಗಾಗಿದೆ ಎಂದು. ಎಂಜಿನ್ನಿನ ಚಕ್ರಕ್ಕೆ ಒತ್ತಿಕೊಂಡು ಒಂದು ತಟ್ಟೆ ಇರುತ್ತದೆ, ಕ್ಲಚ್ಚು ತುಳಿದಾಗ ಅದು ಬಿಡಿಸಿಕೊಳ್ಳಬೇಕು, ತಂಪಿಗೆ ತುಕ್ಕು ಹಿಡಿದು ಎರಡೂ ಅಂಟಿಕೊಂಡಿವೆ ಎಂದು ಅವನು ಹೇಳಿದ. ಪೆಡಲನ್ನು ಕಟ್ಟಿಗೆ ಕೊಟ್ಟು ಒತ್ತಿ ಹಿಡಿದಿಡಿ, ನಡುನಡುವೆ ಬಿಟ್ಟು ಬಿಟ್ಟು ತುಳಿಯಿರಿ, ಆಮೇಲೆ ಹಿಂದಿನ ಗಾಲಿ ಎತ್ತಿ ಎಂಜಿನ್ನು ಕಾಯಿಸಿ ಬ್ರೇಕು ಹೊಡೆದರೆ ಬಿಟ್ಟರೂ ಬಿಟ್ಟೀತು, ಬಿಡದಿದ್ದರೆ ಗೇರುಪೆಟ್ಟಿಗೆ ಇಳಿಸಲೇಬೇಕು ಎಂದನಂತೆ. ಕೊನೆಗೆ, "ನಿಮ್ಮ ದೋಸ್ತರಿಗೆ ನನ್ನ ನಮಸ್ಕಾರ ಹೇಳ್ರಿ ಸಾವಕಾರ" ಎಂದು ನಕ್ಕನಂತೆ. ಅಪ್ಪ ಆ ರಾತ್ರಿ ಸರಿಯಾಗಿ ಉಣ್ಣಲಿಲ್ಲ.

ಪೆಡಲಿಗೂ ಸೀಟಿನ ಅಂಚಿಗೂ ನಡುವೆ ಒಂದು ಸೌದೆಯ ತುಂಡು ಸಿಕ್ಕಿಸಿದೆವು. ಮರುದಿನ ಮಧ್ಯಾಹ್ನ ಆತ್ಯಾ ತಂಬಿಗೆ ಹಿಡಿದು ಬಂದಾಗ ನಾನು ಮುಂದಿನ ಸೀಟಿನಲ್ಲಿ ಬಗ್ಗಿ, ಜಾರಿದ ಕಟ್ಟಿಗೆಯನ್ನು ಮತ್ತೆ ಕೂರಿಸುತ್ತಿದ್ದೆ.

"ಏನ ನಡಸೀರಿ ತಂದಿ ಮಗಳು?" ಎಂದು ಕೇಳಿದರು.

ನಾನು ಉತ್ಸಾಹದಿಂದ ಎಲ್ಲ ವಿವರಿಸಿದೆ. ಅವರು ಕೇಳಿಕೊಂಡರು. ಕಾರಿನ ಹಿಂದಿನ ಸೀಟಿನ ಕಡೆ ಒಮ್ಮೆ ನೋಡಿದರು.

"ಬಿಟ್ಟರ ಗಾಡಿ ನಡೀತೈತೇನ?"

"ನಡೀತೈತ್ರಿ ಆತ್ಯಾ. ಮೊದಲ ನಿಮ್ಮನ್ನ ಹರಿಪುರದ ಗುಡಿಗೆ ಕರಕೊಂಡ ಹೋಗತೇನಿ."

"ಹೂಂ, ಆತು ತಗೋ" ಎಂದರು.

ಆ 'ಹೂಂ' ಎಂಥದು ಎಂದು ನನಗೆ ಗೊತ್ತಿತ್ತು. ಅವ್ವನ ಎಣ್ಣೆಗೆ, ಕಾಕಾನ ರೊಟ್ಟಿಗೆ ಹೇಳುತ್ತಿದ್ದದ್ದೇ ಅದು. ಗೊತ್ತಿದ್ದೂ ಕಟ್ಟಿಗೆಯ ಮೇಲೆ ಗಮನವಿಟ್ಟೆ.

ಸ್ವಲ್ಪ ಹೊತ್ತು ನಿಂತು ನೋಡಿ ಅವರು, "ಅತ್ತಾಗ ಸರಿ. ಕಟಗಿ ಹಂಗ ನಿಂದ್ರೂದಿಲ್ಲ" ಎಂದರು. ಹಳೆಯ ಸೀರೆಯ ಒಂದು ಪಟ್ಟಿ ಹರಿದು ತಂದು ಕಟ್ಟಿಗೆಯ ತುದಿಗೆ ಸುತ್ತಿದರು. ಅದು ಜಾರುವುದು ನಿಂತಿತು. ನಡುನಡುವೆ ಬಿಟ್ಟು ತುಳಿಯುವ ಕೆಲಸವನ್ನೂ ತಾವೇ ವಹಿಸಿಕೊಂಡರು. ನಾನು ಕಾಲೇಜಿಗೆ, ಅಪ್ಪ ಅಂಗಡಿಗೆ ಹೋದರೆ ಮಧ್ಯಾಹ್ನ ತುಳಿಯುವವರು ಯಾರು? "ನಾ ಹೆಂಗೂ ಅಲ್ಲೇ ಕುಂದರತೇನಲಾ" ಎಂದರು. ಅವತ್ತಿನಿಂದ ಅವರು ಹಿಂದಿನ ಸೀಟು ಬಿಟ್ಟು ಸ್ಟೇರಿಂಗಿನ ಮುಂದೆ ಕೂಡತೊಡಗಿದರು. ರಜೆಯ ಒಂದು ದಿನ ಕಿಟಕಿಯಿಂದ ನೋಡಿದೆ. ಸೆರಗು ತಲೆಯ ಮೇಲೆಯೇ ಇತ್ತು. ತುಟಿ ಅಲುಗುತ್ತಿರಲಿಲ್ಲ. ಬಲಗೈಯಿಂದ ಸ್ಟೇರಿಂಗು ಹಿಡಿದುಕೊಂಡು, ಮೈಯ ಭಾರವನ್ನೆಲ್ಲ ಎಡಗಾಲಿಗೆ ಹಾಕಿ ತುಳಿಯುತ್ತಿದ್ದರು, ಬಿಡುತ್ತಿದ್ದರು, ಮತ್ತೆ ತುಳಿಯುತ್ತಿದ್ದರು.  ಹೋಗಿ ಸಾಕು ಬಿಡಿರಿ ಅನ್ನಬಹುದಾಗಿತ್ತು. ಅನ್ನಲಿಲ್ಲ. ಅವರು ತುಳಿಯುವುದನ್ನು ನಿಲ್ಲಿಸಿದರೆ ಕಾರು ಬಿಡುವುದಿಲ್ಲವಲ್ಲ ಎಂಬ ಅಂಜಿಕೆಯೇ ಜೋರಾಗಿತ್ತು.

ಖಂಡೆ ಪೂಜೆಯ ಮುನ್ನಾ ದಿನದ ಸಂಜೆ ಆತ್ಯಾ ಕಾರಿನಿಂದ ತಮ್ಮ ಸಾಮಾನು ತೆಗೆಯುತ್ತಿದ್ದರು. ಸಾಮಾನೆಂದರೆ ಬೀಸಣಿಗೆ, ಒಂದು ಹಣಿಗೆ, ಬೆನ್ನಿಗೆ ಇಟ್ಟುಕೊಳ್ಳುವ ಅರಳೆಯ ದಿಂಬು. ಯಾರೂ ಅವರಿಗೆ ತೆಗೆಯಿರಿ ಎಂದಿರಲಿಲ್ಲ.

"ಯಾಕ್ರಿ ಆತ್ಯಾ, ಇರಲಿ ಬಿಡ್ರಿ."

"ನಾಳಿ ಗಾಡಿ ಹೊರಡತೈತಿ. ನನ್ನ ಗಂಟ ಯಾಕವಾ ಅಡ್ಡ."

ನಾನು ಏನು ಮಾಡಿದೆ? ಅವರ ಕೈಯಿಂದ ದಿಂಬು ತೆಗೆದುಕೊಂಡು ಸಹಾಯ ಮಾಡಿದೆ. ಇಬ್ಬರೂ ಮನೆಯೊಳಗೆ ಹೋದೆವು. ಅಲ್ಲಿ ಅದನ್ನು ಇಡಲು ಜಾಗವಿರಲಿಲ್ಲ. ಪಡಸಾಲೆಯಲ್ಲಿ ಕಾಕಾನ ಗಾದಿ, ನಡುಮನೆಯಲ್ಲಿ ಹುಡುಗರ ಪುಸ್ತಕ, ದೇವರ ಕೋಣೆಯಲ್ಲಿ ಕಾಳಿನ ಡಬ್ಬಿಗಳು. ಆತ್ಯಾ ಇಷ್ಟು ವರ್ಷ ಗೋಡೆಗೆ ಚಾಪೆ ಹಾಸಿಕೊಂಡು ಮಲಗುತ್ತಿದ್ದರು, ಬೆಳಿಗ್ಗೆ ಸುತ್ತಿಡುತ್ತಿದ್ದರು. ಆ ಮನೆಯಲ್ಲಿ ಅವರದು ಅಂತ ಒಂದು ಮೂಲೆಯೂ ಇಲ್ಲ ಎನ್ನುವುದು ದಿಂಬು ಹಿಡಿದುಕೊಂಡು ನಿಂತಾಗ ನನಗೆ ಹೊಳೆಯಿತು. ಕೊನೆಗೆ ಅವರೇ ಅದನ್ನು ನನ್ನ ಕೈಯಿಂದ ತೆಗೆದುಕೊಂಡು ಹಿತ್ತಿಲ ಬಾಗಿಲ ಬಳಿ ಒಟ್ಟಿದ್ದ ಅರಿಷಿಣದ ಚೀಲಗಳ ಮೇಲೆ ಇಟ್ಟರು.

ಮರುದಿನ ಬೆಳಿಗ್ಗೆ ಹಿಂದಿನ ಗಾಲಿಗಳನ್ನು ಜ್ಯಾಕಿನಿಂದ ಎತ್ತಿ ಅಚ್ಚಿನ ಕೆಳಗೆ ಕಲ್ಲು ಪೇರಿಸಿದೆವು. ಮುಂದಿನ ಗಾಲಿಗಳಿಗೆ ತೂಕದ ಕಲ್ಲುಗಳನ್ನೇ ಅಡ್ಡ ಇಟ್ಟೆವು, ಇನ್ನೂ ಪೂಜೆಯಾಗಿರದಿದ್ದರೂ. ಅಪ್ಪ ಟಾಪ್ ಗೇರಿಗೆ ಹಾಕಿ ಶುರು ಮಾಡಿದರು. ಎತ್ತಿದ ಗಾಲಿಗಳು ಗಾಳಿಯಲ್ಲಿ ತಿರುಗಿದವು, ಶೆಡ್ಡೆಲ್ಲ ಹೊಗೆ. ಎಂಜಿನ್ನು ಕಾಯುವವರೆಗೆ ಬಿಟ್ಟು, ಕ್ಲಚ್ಚು ತುಳಿದು ಒಮ್ಮೆಲೇ ಬ್ರೇಕು ಹೊಡೆದರು. ಎಂಜಿನ್ನು ನರಳಿ ಸತ್ತಿತು. ಮತ್ತೆ ಶುರು, ಮತ್ತೆ ಬ್ರೇಕು, ಮತ್ತೆ ಸತ್ತಿತು. ಅಪ್ಪನ ಅಂಗಿ ತೊಯ್ದು ಬೆನ್ನಿಗೆ ಅಂಟಿತು. "ಹಾಳಾಗಿ ಹೋಗಲಿ, ಇದ್ದಲ್ಲೇ ಇರಲಿ" ಎಂದು ಇಳಿಯಲು ಹೊರಟರು.

ನಾನು ಆಗ ಸುಮ್ಮನಿದ್ದಿದ್ದರೆ ಆಗುತ್ತಿತ್ತು. "ಇನ್ನೊಂದ ಸಲ ಅಪ್ಪಾ, ಕಡೀಕ ಒಂದ ಸಲ" ಎಂದೆ.

ಅಪ್ಪ ಮತ್ತೆ ಕೂತರು. ಈ ಸಲ ಬ್ರೇಕಿಗೆ ಕೆಳಗಿನಿಂದ ಫಟ್ ಎಂದು ಸದ್ದಾಯಿತು. ಗಾಲಿಗಳು ನಿಂತವು. ಎಂಜಿನ್ನು ಮಾತ್ರ ನಿಲ್ಲದೆ ನಡೆಯುತ್ತಲೇ ಇತ್ತು. ಒಂದು ಗಳಿಗೆ ನಮಗಿಬ್ಬರಿಗೂ ಅರ್ಥವಾಗಲಿಲ್ಲ. ಅಂಟಿದ್ದ ತಟ್ಟೆ ಬಿಟ್ಟಿದೆ ಎಂದು ಹೊಳೆದದ್ದೇ ಅಪ್ಪ ಹುಡುಗನ ಹಾಗೆ ಹಾರನ್ನು ಬಾರಿಸಿದರು. ನಾನು ಕುಣಿದೆ. ಮನೆಯವರೆಲ್ಲ ಓಡಿ ಬಂದರು. ಆತ್ಯಾ ಹಿಟ್ಟಿನ ಕೈಯಲ್ಲಿ ಅಡುಗೆಮನೆಯ ಹೊಸ್ತಿಲಲ್ಲೇ ನಿಂತಿದ್ದರು.

"ಬಿಟ್ಟಿತೇನ?"

"ಬಿಟ್ಟಿತ್ರಿ ಆತ್ಯಾ!"

"ಛಲೋ ಆತು" ಎಂದು ಒಳಗೆ ಹೋದರು. ಅವ್ವ ಆರತಿ ಮಾಡಿದಳು, ಗಾಲಿಯ ಕೆಳಗೆ ನಿಂಬೆಹಣ್ಣು ಇಟ್ಟರು, ಅಪ್ಪ ಮುಖ ಎತ್ತಿಕೊಂಡು ಪೇಟೆಯ ನಡುವೆಯೇ ಒಂದು ಸುತ್ತು ಹೊಡೆದು ಬಂದರು. ಬಂದವರೇ ಕಾರಿಗೆ ಕೀಲಿ ಹಾಕಿ, ಕೀಲಿಯನ್ನು ಅಂಗಿಯ ಕಿಸೆಯಲ್ಲಿ ಇಟ್ಟುಕೊಂಡರು. ನಿಂತ ಕಾರಿಗೆ ಯಾರೂ ಕೀಲಿ ಹಾಕಿರಲಿಲ್ಲ. ನಡೆಯುವ ಕಾರಿಗೆ ಹಾಕಬೇಕಲ್ಲವೇ?

ನಾನು ಬೇಗ ಕಲಿತೆ. ಕಾಲೇಜಿನ ಗೇಟಿನ ಮುಂದೆ ಇಳಿದೆ. ಹುಡುಗರು ನೋಡಿದರು. ಆ ಖುಷಿ ಸುಳ್ಳಲ್ಲ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಮನೆಯಲ್ಲಿ ಆತ್ಯಾನ 'ಹೂಂ' ಕೂಡ ಕಡಿಮೆಯಾಗುತ್ತ ಬಂತು. ಕೇಳಿದ್ದಕ್ಕೆ ತಲೆಯಾಡಿಸುತ್ತಿದ್ದರು ಅಷ್ಟೇ. ಒಮ್ಮೊಮ್ಮೆ ಪಾತ್ರೆಗಳು ಅವರ ಕೈಯಿಂದ ಜಾರಿ ದೊಡ್ಡ ಸದ್ದು ಮಾಡುತ್ತಿದ್ದವು. "ಅಕ್ಕಾರಿಗೆ ವಯಸ್ಸಾತು" ಎಂದಳು ಅವ್ವ. "ಈಗೀಗ ಜಪಾನೂ ಬಿಟ್ಟಾಳ" ಎಂದರು ಅಪ್ಪ. ನಾನು ಅನ್ನದಲ್ಲಿ ಬೆರಳಾಡಿಸುತ್ತ ಕೂತೆ. ಹೇಳಿದರೆ ಅವರ ಗುಟ್ಟು ಬಯಲಾಗುತ್ತಿತ್ತು, ಹೇಳದಿದ್ದರೆ ನನ್ನ ತಪ್ಪು ಒಳಗೇ ಉಳಿಯುತ್ತಿತ್ತು.

ಒಂದು ಸೋಮವಾರ, ಕೊಟ್ಟ ಮಾತಿನಂತೆ, ಅವರೊಬ್ಬರನ್ನೇ ಕೂರಿಸಿಕೊಂಡು ಹರಿಪುರಕ್ಕೆ ಹೋದೆ. ಸಂಗಮದ ಶಿವನ ಗುಡಿಯಲ್ಲಿ ದರ್ಶನ ಮಾಡಿದೆವು. ತಿರುಗಿ ಬರುವಾಗ ದಾರಿಯ ಬದಿಗೆ, ಅರಿಷಿಣದ ಹೊಲದ ಪಕ್ಕ ಕಾರು ನಿಲ್ಲಿಸಿದೆ. ಸುತ್ತ ಯಾರೂ ಇರಲಿಲ್ಲ. ಒಂದೊಂದೇ ಗಾಜು ಏರಿಸಿದೆ.

"ಆತ್ಯಾ, ನಾ ಒಮ್ಮೆ ಕೇಳೇನ್ರಿ. ಶೆಡ್ಡಿನ್ಯಾಗ, ನೀವು ಮಾತಾಡೂದು."

ಅವರು ಮುಂದೆಯೇ ನೋಡುತ್ತಿದ್ದರು. ಕಿವಿ ಕೆಂಪಾಯಿತು.

"ಇಲ್ಲಿ ಯಾರೂ ಇಲ್ರಿ. ಬೈರಿ. ಎಲ್ಲಾರನೂ ಬೈರಿ. ಮೊದಲ ನನ್ನ ಬೈರಿ. ನಿಮ್ಮ ಜಾಗಾ ಕಸಗೊಂಡಾಕಿ ನಾನ."

 ಅವರ ತುಟಿ ಒಮ್ಮೆ ತೆರೆಯಿತು, ಮುಚ್ಚಿತು. ನಾನು ಕಾಯುತ್ತ ಕೂತೆ. ಅವರು ಒಂದೇ ಒಂದು ಬೈಗುಳ ಬೈದಿದ್ದರೆ ಅದನ್ನು ಪ್ರಸಾದದಂತೆ ಇಸಿದುಕೊಳ್ಳುತ್ತಿದ್ದೆ. ಕೊನೆಗೆ ನನ್ನ ತೊಡೆಯ ಮೇಲೆ ಕೈಯಿಟ್ಟರು.

"ಎದರಿಗಿ ಕುಂತವರನ್ನ ಬೈಯಾಕ ನನಗ ಬರೂದಿಲ್ಲ ಯವ್ವಾ. ನಡಿ, ರೊಟ್ಟಿ ಹೊತ್ತಾತು."

ಅಂದು ಮನೆಗೆ ಬಂದ ಮೇಲೆ ಅಪ್ಪನಿಂದ ಎರಡನೆಯ ಕೀಲಿ ಇಸಿದುಕೊಂಡೆ. ರಜೆಯ ದಿನ ಮಧ್ಯಾಹ್ನ ಬೇಕೆಂತಲೇ ಕಾರಿನ ಹಿಂದಿನ ಕದ ತೆರೆದಿಟ್ಟು, ದಿಂಬನ್ನು ಸೀಟಿನ ಮೇಲೆ ಇಟ್ಟು ಬರುತ್ತಿದ್ದೆ. ಸಂಜೆ ನೋಡಿದರೆ ದಿಂಬು ಮತ್ತೆ ಅರಿಷಿಣದ ಚೀಲಗಳ ಮೇಲೆ ಇರುತ್ತಿತ್ತು. ಯಾರಿಗೋ ಗೊತ್ತಿರುವ ಜಾಗದಲ್ಲಿ ಹೋಗಿ ಕೂತು ಯಾರನ್ನು ಬೈಯುವುದು? ಕಾರನ್ನು ತಿರುಗಿ ಕೊಡಲು ಹೋಗಿ, ಅದರೊಳಗಿದ್ದ ಗುಟ್ಟನ್ನು ನಾನೇ ಬಿಚ್ಚಿ ಹಾಕಿದ್ದೆ.

ಒಂದು ದಿನ ಕಾಲೇಜು ಬೇಗ ಬಿಟ್ಟಿತು. ಮಧ್ಯಾಹ್ನದ ಹೊತ್ತಿಗೇ ಬಂದು ಹಿತ್ತಿಲಿಗೆ ಕಾರು ತಿರುಗಿಸಿದೆ. ಶೆಡ್ಡಿನೊಳಗೆ, ಕಾರು ನಿಲ್ಲುವ ಖಾಲಿ ಜಾಗದ ನಟ್ಟನಡುವೆ, ಎಣ್ಣೆಯ ಕಲೆಗಳ ಮೇಲೆ ಚೀಲ ಹಾಸಿಕೊಂಡು ಆತ್ಯಾ ಕೂತಿದ್ದರು. ಪಕ್ಕದಲ್ಲಿ ನೀರಿನ ತಂಬಿಗೆ. ಬಾಯಿ ಮುಚ್ಚಿತ್ತು, ಸೆರಗು ತಲೆಯ ಮೇಲಿತ್ತು.

ನನ್ನನ್ನು ನೋಡಿದ್ದೇ ಗಡಿಬಿಡಿಯಿಂದ ಎದ್ದರು. ಚೀಲ ಮಡಚಿಕೊಂಡರು, ತಂಬಿಗೆ ಎತ್ತಿಕೊಂಡರು, ಗೋಡೆಗೆ ಬೆನ್ನು ಹಚ್ಚಿ, ಹೊಟ್ಟೆ ಒಳಗೆಳೆದುಕೊಂಡು ನಿಂತರು.

"ಬಾ, ಒಳಗ ತಗೋ. ನಾ ಸರದ ನಿಂತೇನಿ."

ನಾನು ಕ್ಲಚ್ಚು ತುಳಿದೆ. ಆತ್ಯಾ ಮಧ್ಯಾಹ್ನವೆಲ್ಲ ತುಳಿದಿದ್ದ ಪೆಡಲು ಸಲೀಸಾಗಿ ಕೆಳಗಿಳಿಯಿತು.